ಯಾವೂರಾಯ್ತು ನಿಮ್ಮದು? ಸಹ್ಯಾದ್ರಿಯ ಕಪ್ಪೆ, ಹಾವುಗಳ ಸಮೀಕ್ಷೆಯ ಕುರಿತು



ಮಲೆನಾಡಿನ ಬಸ್ಸಿನಲ್ಲಿ ಪಕ್ಕ ಕೂತವರು ಮೊದಲು ನಮ್ಮ ಹೆಸರು ಕೇಳುವುದಿಲ್ಲ. "ಯಾವೂರಾಯ್ತು ನಿಮ್ಮದು?" ಎನ್ನುತ್ತಾರೆ. ಊರು ಗೊತ್ತಾದರೆ ಸಾಕು. ಯಾವ ಹಳ್ಳದಾಚೆ, ಯಾವ ದೇವಸ್ಥಾನದ ಬಲಕ್ಕೆ, ಯಾರ ಮನೆ ಕಡೆಯವರು ಎಂಬುದೆಲ್ಲ ಮುಂದಿನ ಸ್ಟಾಪಿನೊಳಗೆ ಬಿಚ್ಚಿಕೊಳ್ಳುತ್ತದೆ. ಮೂವತ್ತು ವರ್ಷಗಳಿಂದ ನಾನು ಸಹ್ಯಾದ್ರಿಯ ಕಾನು, ಹಳ್ಳ, ತೋಟಗಳಲ್ಲಿ ಕಪ್ಪೆ, ಹಾವು, ಹಲ್ಲಿಗಳನ್ನು ಹುಡುಕುತ್ತ ಅಲೆದಿದ್ದೇನೆ. ಆ ಅಲೆದಾಟವನ್ನು ಒಂದೇ ಮಾತಿನಲ್ಲಿ ಹೇಳು ಎಂದರೆ ಈ ಪ್ರಶ್ನೆಯನ್ನೇ ಹೇಳುತ್ತೇನೆ. ಸಮೀಕ್ಷೆ ಎಂದರೆ ಪ್ರತಿಯೊಂದು ಜೀವಿಯನ್ನೂ ಗೌರವದಿಂದ ನಿಲ್ಲಿಸಿ, ಯಾವೂರಾಯ್ತು ನಿಮ್ಮದು ಎಂದು ಕೇಳುವುದು. ಬಂದ ಉತ್ತರವನ್ನು ಅಳಿಸಿಹೋಗದ ಹಾಗೆ ಬರೆದಿಡುವುದು.

ಈ ಉಪನ್ಯಾಸಕ್ಕೆ ದತ್ತಿಯನ್ನಿಟ್ಟ ಹಿರಿಯರು ಅಡಿಕೆ ಬೆಳೆಯುತ್ತಿದ್ದವರು. ತೋಟದಲ್ಲಿ ಬಿದ್ದ ಮಳೆಯನ್ನು ದಿನವೂ ಅಳೆದು ಪುಸ್ತಕದಲ್ಲಿ ಬರೆಯುತ್ತಿದ್ದರೆಂದು ಅವರ ಮಗಳು ಈಗಷ್ಟೇ ಹೇಳಿದರು. ಒಂದು ಜಾಗ, ಒಂದು ದಿನ, ಒಂದು ಅಳತೆ: ನನ್ನ ಕಸುಬಿನ ತಿರುಳೂ ಅಷ್ಟೇ. ಹಾಗಾಗಿ ಈ ವೇದಿಕೆಯಲ್ಲಿ ನಿಂತಾಗ ಅಪರಿಚಿತರ ಮನೆಗೆ ಬಂದಂತೆ ಅನಿಸುತ್ತಿಲ್ಲ.

1. ಗೊತ್ತಿಲ್ಲದ ನಮ್ಮ ಬೆಟ್ಟಗಳು

ಶೃಂಗೇರಿಯಲ್ಲಿ ತುಂಗೆಯ ಸ್ನಾನಘಟ್ಟದ ಬಳಿ ಕಪ್ಪೆ ಶಂಕರನ ಪುಟ್ಟ ಗುಡಿಯನ್ನು ನೀವೆಲ್ಲ ಕಂಡಿದ್ದೀರಿ. ಉರಿಬಿಸಿಲಿನಲ್ಲಿ ಹೆರಿಗೆಯ ನೋವು ತಿನ್ನುತ್ತಿದ್ದ ಕಪ್ಪೆಗೆ ನಾಗರಹಾವೊಂದು ಹೆಡೆಯ ನೆರಳು ಕೊಟ್ಟಿದ್ದನ್ನು ಶಂಕರಾಚಾರ್ಯರು ನೋಡಿ ಅಲ್ಲೇ ಪೀಠ ಸ್ಥಾಪಿಸಿದರು ಎಂಬುದು ಸ್ಥಳಪುರಾಣ. ಕುಮಾರಪರ್ವತದ ಬುಡದ ಕುಕ್ಕೆಯಲ್ಲಿ ಸುಬ್ರಹ್ಮಣ್ಯನೇ ನಾಗ. ಕರಾವಳಿಯ ಮನೆ ಮನೆಗೂ ಒಂದು ನಾಗಬನ. ಮಳೆ ಕೈಕೊಟ್ಟರೆ ಬಯಲುಸೀಮೆಯಲ್ಲಿ ಕಪ್ಪೆಗಳಿಗೆ ಮದುವೆ. ಹಾವನ್ನೂ ಕಪ್ಪೆಯನ್ನೂ ಇಷ್ಟು ಹತ್ತಿರ ಇಟ್ಟುಕೊಂಡ ನಾಡು ಇದು. ಆದರೆ ಈ ಬೆಟ್ಟಗಳಲ್ಲಿ ಯಾವ ಯಾವ ಕಪ್ಪೆಗಳಿವೆ, ಎಷ್ಟು ಬಗೆಯ ಹಾವುಗಳಿವೆ ಎಂಬ ಲೆಕ್ಕ ಇವತ್ತಿಗೂ ಮುಗಿದಿಲ್ಲ.

ತಾಪಿ ನದಿಯ ದಕ್ಷಿಣದಿಂದ ಕನ್ಯಾಕುಮಾರಿಯ ತನಕ ಸುಮಾರು 1,600 ಕಿಲೋಮೀಟರ್ ಹಬ್ಬಿರುವ ಪಶ್ಚಿಮ ಘಟ್ಟದ 39 ತಾಣಗಳು 2012ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ಅಷ್ಟು ಹೆಸರಾದ ಬೆಟ್ಟಸಾಲನ್ನು ಅರಿಯದ ನಾಡು ಎನ್ನಬಹುದೇ ಎಂದು ನೀವು ಕೇಳಬಹುದು. ಹುಲಿ, ಆನೆ, ಹಕ್ಕಿಗಳ ಮಟ್ಟಿಗೆ ಅರಿತ ನಾಡೇ. ತರಗೆಲೆಯ ಅಡಿಗೆ ಬಂದ ಕೂಡಲೇ ಮಾತು ಬದಲಾಗುತ್ತದೆ. ದೆಹಲಿ ವಿಶ್ವವಿದ್ಯಾಲಯದ ಎಸ್.ಡಿ. ಬಿಜು ಮತ್ತು ಸಂಗಡಿಗರು 2011ರಲ್ಲಿ ಇರುಳುಗಪ್ಪೆಗಳ ಒಂದೇ ಕುಲವನ್ನು ಪರಿಶೀಲಿಸಿದಾಗ 12 ಹೊಸ ಪ್ರಭೇದಗಳು ಸಿಕ್ಕವು. 2014ರಲ್ಲಿ ಕುಣಿಯುವ ಕಪ್ಪೆಗಳ ಕುಲದಲ್ಲಿ 14 ಸಿಕ್ಕವು. ಅದೇ ವರ್ಷ ಭಾರತೀಯ ವಿಜ್ಞಾನ ಸಂಸ್ಥೆಯ ತಂಡ ಬೆಟ್ಟದಿಂದ ಬೆಟ್ಟಕ್ಕೆ ಕ್ರಮವಾಗಿ ಹತ್ತಿಳಿದು 9 ಹೊಸ ಪೊದೆಗಪ್ಪೆಗಳನ್ನು ಹೆಸರಿಸಿತು. 2017ರಲ್ಲಿ ಹೆಸರಾದ ಹೊಸ ಇರುಳುಗಪ್ಪೆಗಳಲ್ಲಿ ನಾಲ್ಕು ಹೆಬ್ಬೆರಳ ಉಗುರಿನ ಮೇಲೆ ಕೂರುವಷ್ಟು ಚಿಕ್ಕವು. ಮರಗಳ ಎತ್ತರಕ್ಕೆ ತಲೆಯೆತ್ತಿ ನಡೆದ ನಾವು ಕಾಲ ಕೆಳಗೆ ನೋಡಿದ್ದು ಬಹಳ ತಡವಾಗಿ.

ತಡವಾಗಲು ಕಾರಣಗಳಿವೆ. ಇಲ್ಲಿನ ಹಾವು, ಕಪ್ಪೆಗಳನ್ನು ಮೊದಲು ಪಟ್ಟಿ ಮಾಡಿದವರು ಬ್ರಿಟಿಷ್ ವೈದ್ಯರು, ಸೈನ್ಯಾಧಿಕಾರಿಗಳು, ಅರಣ್ಯಾಧಿಕಾರಿಗಳು. ಪ್ಯಾಟ್ರಿಕ್ ರಸೆಲ್ 1796ರಲ್ಲಿ ಭಾರತದ ಹಾವುಗಳ ಚಿತ್ರಸಹಿತ ಗ್ರಂಥ ತಂದರು. ಜೆರ್ಡನ್ ಮತ್ತು ಬೆಡ್ಡೋಮ್ ದಕ್ಷಿಣದ ಬೆಟ್ಟಗಳಿಂದ ನೂರಾರು ಮಾದರಿಗಳನ್ನು ಕಲೆಹಾಕಿದರು. ಗುಂಥರ್ 1864ರಲ್ಲಿ, ಬೌಲೆಂಜರ್ 1890ರಲ್ಲಿ ಲಂಡನ್ನಿನಲ್ಲಿ ಕೂತು ಅವನ್ನೆಲ್ಲ ಪುಸ್ತಕಗಳಲ್ಲಿ ಜೋಡಿಸಿದರು. ಅವರ ಶ್ರಮವನ್ನು ಕಡೆಗಣಿಸಲಾರೆ. ಆದರೆ ಅವರ ಎಷ್ಟೋ ಸೀಸೆಗಳ ಮೇಲೆ ಊರು ಎಂಬ ಜಾಗದಲ್ಲಿ ಬರೀ "ಮಲಬಾರ್" ಎಂದಿರುತ್ತದೆ. ಇನ್ನು ಕೆಲವುದರ ಮೇಲೆ "ದಕ್ಷಿಣ ಭಾರತ". ಬಸ್ಸಿನಲ್ಲಿ ಪಕ್ಕದವರು ಯಾವೂರು ಎಂದಾಗ "ಇಂಡಿಯಾ" ಎಂದರೆ ಮಾತು ಮುಂದೆ ಹೋಗುವುದು ಹೇಗೆ?

2. ಸೀಸೆ ಕಳೆದರೂ ಊರು ಉಳಿಯಿತು

ಆ ಕೊರತೆಯನ್ನು ತುಂಬಿದವರಲ್ಲಿ ಒಬ್ಬರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಪ್ರಾಣಿಶಾಸ್ತ್ರ ಪ್ರಾಧ್ಯಾಪಕ ಸಿ.ಆರ್. ನಾರಾಯಣ ರಾವ್ (1882–1960). ವಿಜ್ಞಾನದ ವಿದ್ಯಾರ್ಥಿಗಳು ಅವರನ್ನು 1932ರಲ್ಲಿ ಆರಂಭವಾದ 'ಕರೆಂಟ್ ಸೈನ್ಸ್' ಪತ್ರಿಕೆಯ ಮೊದಲ ಸಂಪಾದಕರಾಗಿ ಬಲ್ಲರು. ನನಗೆ ಅವರು ಕೊಟ್ಟಿಗೆಹಾರದ, ಕೆಂಪುಹೊಳೆಯ, ಕೊಡಗಿನ ಕಾಡಿನ ಕಪ್ಪೆಗಳಿಗೆ ಊರಿನ ಹೆಸರು ಕೊಟ್ಟ ಮೇಷ್ಟ್ರು. 1920ರಲ್ಲಿ ಕೊಡಗಿನ ಒಂದು ಇರುಳುಗಪ್ಪೆಯನ್ನು ವಿವರಿಸಿದರು. 1937ರ ಅವರ ದೊಡ್ಡ ಲೇಖನದಲ್ಲಿ ದಕ್ಷಿಣ ಭಾರತದ ಹಲವು ಹೊಸ ಕಪ್ಪೆಗಳಿದ್ದವು. ಒಂದರ ಹೆಸರಿನಲ್ಲಿ ಕೊಟ್ಟಿಗೆಹಾರವೇ ಇದೆ, ಇನ್ನೊಂದರಲ್ಲಿ ಕೆಂಪುಹೊಳೆ.

ಹೊಸ ಪ್ರಭೇದವನ್ನು ಹೆಸರಿಸುವಾಗ ಒಂದು ಜೀವಿಯನ್ನು ಸಾಕ್ಷಿಯಾಗಿ ಇಡಬೇಕು. ಟೈಪ್ ಸ್ಪೆಸಿಮೆನ್ ಎನ್ನುವುದು ಅದನ್ನೇ. ಮೂಲ ಮಾದರಿ ಎನ್ನೋಣ. ಮುಂದೆ ಯಾರಿಗೆ ಅನುಮಾನ ಬಂದರೂ ಆ ಮಾದರಿಯೊಂದಿಗೆ ಹೋಲಿಸಿ ನೋಡಬೇಕು. ನಾರಾಯಣ ರಾಯರ ಮೂಲ ಮಾದರಿಗಳು ಕಾಲೇಜಿನ ಸಂಗ್ರಹದಲ್ಲಿದ್ದವು. ಆಮೇಲೆ ಅವು ಕಳೆದುಹೋದವು. ಒಬ್ಬ ಮನುಷ್ಯನ ಜೀವಮಾನದ ದುಡಿಮೆ ಹೀಗೆ ಕಾಣೆಯಾಯಿತು ಎಂದು ಓದಿದ ದಿನ ನನಗೆ ಊಟ ಸೇರಿರಲಿಲ್ಲ. ಸಾಕ್ಷಿಯೇ ಇಲ್ಲದ ಮೇಲೆ ಆ ಹೆಸರುಗಳಿಗೆ ಏನು ಬೆಲೆ? ಮುಂದಿನವರು ಅವನ್ನು ಅನುಮಾನದ ಪಟ್ಟಿಗೆ ಸೇರಿಸಿದರು.

ಆದರೆ ರಾಯರು ಊರು ಬರೆದಿದ್ದರು. ಪ್ರಾಣಿಗಳ ಹೆಸರಿನ ಅಂತಾರಾಷ್ಟ್ರೀಯ ನಿಯಮಗಳಲ್ಲಿ ಒಂದು ಒಳ್ಳೆಯ ಕಟ್ಟಳೆ ಇದೆ. ಮೂಲ ಮಾದರಿ ಕಳೆದುಹೋಗಿ ಹೆಸರು ಗೊಂದಲಕ್ಕೆ ಬಿದ್ದರೆ ಹೊಸ ಮಾದರಿಯೊಂದನ್ನು ಗೊತ್ತುಮಾಡಬಹುದು. ಅದು ಸಾಧ್ಯವಾದಷ್ಟೂ ಮೊದಲಿನ ಊರಿನದೇ ಆಗಿರಬೇಕು. ಹೀಗಾಗಿ ಮುಂದಿನ ತಲೆಮಾರಿನ ಸಂಶೋಧಕರು ರಾಯರ ಲೇಖನ ಹಿಡಿದು ರಾಯರ ಊರುಗಳಿಗೆ ಹೋದರು. ಕೊಡಗಿನ ಇರುಳುಗಪ್ಪೆ ಮತ್ತೆ ಸಿಕ್ಕಿದ್ದು 91 ವರ್ಷಗಳ ಮೇಲೆ, 2011ರಲ್ಲಿ. ಕೆಂಪುಹೊಳೆಯ ಇರುಳುಗಪ್ಪೆ ಏಳು ದಶಕ ದಾಟಿ ಸಿಕ್ಕಿತು. 2010ರಲ್ಲಿ ಪೊದೆಗಪ್ಪೆಗಳ ಒಂದು ದೊಡ್ಡ ಕುಲಕ್ಕೆ 'ರಾವೊರ್ಕೆಸ್ಟಿಸ್' ಎಂದು ಹೆಸರಾಯಿತು. ಅದರಲ್ಲಿರುವ 'ರಾವ್' ನಮ್ಮ ಮೇಷ್ಟ್ರು. ಆ ಲೇಖನ ಅಚ್ಚಾಗಿದ್ದು ಅವರೇ ಕಟ್ಟಿ ಬೆಳೆಸಿದ 'ಕರೆಂಟ್ ಸೈನ್ಸ್'ನಲ್ಲಿ.

ಇದರಿಂದ ನಾನು ಕಲಿತ ಪಾಠವೇ ಈ ಉಪನ್ಯಾಸದ ಹೂರಣ. ಸೀಸೆ ಒಡೆಯಬಹುದು, ಕಡತಕ್ಕೆ ಗೆದ್ದಲು ಹಿಡಿಯಬಹುದು. ಊರಿನ ಹೆಸರು ಸರಿಯಾಗಿ ಬರೆದಿದ್ದು, ಆ ಊರಿನ ಹಳ್ಳ ಹಾಗೆಯೇ ಹರಿಯುತ್ತಿದ್ದರೆ ಕಳೆದುಹೋದ ಜ್ಞಾನವನ್ನೂ ಮರಳಿ ಪಡೆಯಬಹುದು. ಹಳ್ಳವೇ ಹೋದರೆ ಹೆಸರು ಅನಾಥ.

3. ಸಮೀಕ್ಷೆ ನಡೆಯುವ ಬಗೆ

ಈಗ ಕೆಲಸದ ವಿವರಕ್ಕೆ ಬರುತ್ತೇನೆ. ವಿದ್ಯಾರ್ಥಿಗಳು ಇದನ್ನು ಗಮನವಿಟ್ಟು ಕೇಳಬೇಕು.

ಮೊದಲು ಪಂಚಾಂಗ. ವಾರದ ರಜೆ ನೋಡಿಕೊಂಡು ಕಾಡಿಗೆ ಹೋದರೆ ಕಪ್ಪೆ ಸಿಗುವುದಿಲ್ಲ; ಮಳೆ ನಕ್ಷತ್ರ ನೋಡಬೇಕು. ರೋಹಿಣಿ, ಮೃಗಶಿರದ ಮೊದಲ ಜಡಿಮಳೆಗೆ ಕೆಲವು ಜಾತಿಗಳು ಹೊರಬಂದು, ಕೆಲವೇ ರಾತ್ರಿಗಳಲ್ಲಿ ಸಂತಾನದ ಕೆಲಸ ಮುಗಿಸಿ ಮತ್ತೆ ಮರೆಯಾಗುತ್ತವೆ. ಆರಿದ್ರಾ, ಪುನರ್ವಸುವಿನಲ್ಲಿ ಪೊದೆಗಪ್ಪೆಗಳು ಎಲೆ ಎಲೆಯ ಮೇಲಿಂದ ಟಿಕ್ ಟಿಕ್ ಎನ್ನುತ್ತವೆ. ಅವಕ್ಕೆ ಗೊದಮೊಟ್ಟೆಯ ಹಂತವೇ ಇಲ್ಲ, ಮೊಟ್ಟೆಯೊಡೆದು ನೇರ ಮರಿಗಪ್ಪೆಯೇ ಬರುತ್ತದೆ. ಹಳ್ಳದ ಅಬ್ಬರ ಇಳಿದು ನೀರು ತಿಳಿಯಾಗುವ ಚಿತ್ತೆ, ಸ್ವಾತಿಯ ಹೊತ್ತಿಗೆ ಕುಣಿಯುವ ಕಪ್ಪೆಗಳ ಸರದಿ. ಕಾಳಿಂಗದ ಹೆಣ್ಣು ಮುಂಗಾರಿಗೆ ಮೊದಲೇ ತರಗೆಲೆಗಳನ್ನು ಮೈಸುರುಳಿಯಿಂದ ಎಳೆದು ಗುಡ್ಡೆ ಹಾಕಿ ಗೂಡು ಕಟ್ಟುತ್ತದೆ. ಹಾವುಗಳಲ್ಲಿ ಹೀಗೆ ಗೂಡು ಕಟ್ಟುವುದು ಅದೊಂದೇ. ಹೀಗೆ ವರ್ಷದ ಪ್ರತಿ ಮಳೆಗೂ ಬೇರೆ ಬೇರೆ ಹಾಜರಿ. ಒಂದೇ ತಿಂಗಳು ಹೋಗಿ ಪಟ್ಟಿ ತಂದವರು ಒಂದು ಅಧ್ಯಾಯ ಓದಿ ಕಾದಂಬರಿಯ ವಿಮರ್ಶೆ ಬರೆದ ಹಾಗೆ.

ಎರಡನೆಯದು ಅನುಮತಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಅರಣ್ಯ ಇಲಾಖೆಯ ಲಿಖಿತ ಒಪ್ಪಿಗೆ ಇಲ್ಲದೆ ಕಾಡಿನ ಜೀವಿಯನ್ನು ಹಿಡಿಯುವಂತಿಲ್ಲ. ಹಿಡಿಯಲೂಬಾರದು.

ಮೂರನೆಯದು ಹುಡುಕುವ ಕ್ರಮ. ಕತ್ತಲಾದ ಮೇಲೆ ತಲೆಗೆ ಟಾರ್ಚು ಕಟ್ಟಿಕೊಂಡು, ಇಷ್ಟು ಜನ ಇಷ್ಟು ಗಂಟೆ ಎಂದು ಗೊತ್ತುಮಾಡಿಕೊಂಡು ಹಳ್ಳದ ದಂಡೆಯಲ್ಲಿ ನಿಧಾನ ನಡೆಯುವುದು ಒಂದು ಬಗೆ. ನಾಲ್ಕು ಜನ ಎರಡು ಗಂಟೆ ಹುಡುಕಿದರೆ ಎಂಟು ಆಳು-ಗಂಟೆಯ ಶ್ರಮ. ಕೂಲಿಯ ಲೆಕ್ಕದಂತೆ ಇದನ್ನೂ ಬರೆಯಬೇಕು. ಇಲ್ಲದಿದ್ದರೆ ಒಂದು ಕಾನನ್ನು ಇನ್ನೊಂದರ ಜೊತೆ ಹೋಲಿಸಲು ಬರುವುದಿಲ್ಲ. ಟಾರ್ಚಿನ ಬೆಳಕಿಗೆ ಕಪ್ಪೆಯ ಕಣ್ಣು ಮಿನುಗುತ್ತದೆ. ರೆಂಬೆಯ ತುದಿಯಲ್ಲಿ ನಿದ್ದೆಹೋದ ಓತಿಕೇತ ಹಗಲಿಗಿಂತ ಚೆನ್ನಾಗಿ ಬಿಳಿಚಿ ಕಾಣುತ್ತದೆ. ಇನ್ನೊಂದು ಬಗೆ ಚೌಕ. ಹತ್ತು ಮೀಟರ್ ಉದ್ದಗಲಕ್ಕೆ ಹಗ್ಗ ಕಟ್ಟಿ, ನಾಲ್ಕು ಅಂಚಿನಿಂದಲೂ ನಡುವಿನ ಕಡೆಗೆ ಬರುತ್ತ ತರಗೆಲೆಯನ್ನು ಒಂದೊಂದಾಗಿ ಮಗುಚುವುದು. ಅಲ್ಲಿಯೇ ಹಾವುರಾಣಿ, ಮಣ್ಣೊಳಗಿನ ಗುರಾಣಿ ಬಾಲದ ಹಾವು, ಕೆಲವೊಮ್ಮೆ ಎರೆಹುಳವೆಂದು ಎಲ್ಲರೂ ದಾಟಿಹೋಗುವ ಸಿಸಿಲಿಯನ್ ಸಿಗುವುದು. ಸಿಸಿಲಿಯನ್ನಿಗೆ ಕಾಲಿಲ್ಲ, ಆದರೂ ಅದು ಕಪ್ಪೆಯ ನೆಂಟ. ಅವುಗಳಲ್ಲಿ ಕೆಲವು ಜಾತಿಯ ತಾಯಂದಿರು ಮೊಟ್ಟೆಯ ಗೊಂಚಲನ್ನು ಸುತ್ತಿಕೊಂಡು ಕಾಯುತ್ತವೆ. ಮಗುಚಿದ ಕಲ್ಲನ್ನು ಇದ್ದ ಹಾಗೇ ಮತ್ತೆ ಇಡಬೇಕು. ಅದು ಒಬ್ಬರ ಮನೆಯ ಮಾಡು.

ನಾಲ್ಕನೆಯದು ಕಿವಿ. ಕಾಡಿನ ಕಪ್ಪೆಗಳಲ್ಲಿ ಮುಕ್ಕಾಲುಪಾಲನ್ನು ನಾನು ನೋಡುವ ಮೊದಲು ಕೇಳಿದ್ದೇನೆ. ರೂಪದಲ್ಲಿ ಅವಳಿಗಳಂತಿದ್ದು ಕೂಗಿನಲ್ಲಿ ಬೇರೆಯಾದ ಜಾತಿಗಳು ಎಷ್ಟೋ. ಇಂದು ರಾತ್ರಿಯಿಡೀ ಕಾಡಿನಲ್ಲೇ ಉಳಿಯುವ ಧ್ವನಿಮುದ್ರಕಗಳು ಬಂದಿವೆ. ಹೊಟ್ಟೆಯ ಬಣ್ಣ, ಬೆರಳುಗಳ ನಡುವಿನ ಜಾಲಪೊರೆ, ಮೂತಿಯಿಂದ ಗುದದವರೆಗಿನ ಉದ್ದ, ಡಿಎನ್‌ಎ ಎಲ್ಲವೂ ಬೇಕು. ಆದರೂ ಕಪ್ಪೆ ತನ್ನ ಜಾತಿ, ಊರುಗಳನ್ನು ತಾನೇ ಹೇಳುವುದು ಕೂಗಿನಲ್ಲಿ.

ಕೊನೆಯದು ಬರವಣಿಗೆ. ಪೆನ್ಸಿಲಿನಲ್ಲಿ ಬರೆಯಿರಿ, ಶಾಯಿ ಮಳೆಯಲ್ಲಿ ತೊಳೆದುಹೋಗುತ್ತದೆ. ದಿನ, ಹೊತ್ತು, ಊರು, ಹಳ್ಳ, ಎತ್ತರ, ತೇವ, ತಾಪ, ಯಾವ ಗಿಡದ ಮೇಲೆ, ನೆಲದಿಂದ ಎಷ್ಟು ಮೇಲೆ, ಏನು ಮಾಡುತ್ತಿತ್ತು ಎಂಬಷ್ಟೂ ಇರಲಿ. ಜಿಪಿಎಸ್ ಅಂಕಿಯ ಜೊತೆಗೆ ಜನ ಕರೆಯುವ ಜಾಗದ ಹೆಸರನ್ನೂ ಬರೆಯಿರಿ. ಮೊದಲ ವರ್ಷಗಳಲ್ಲಿ ನಾನು ಎಷ್ಟೋ ಪುಟಗಳಲ್ಲಿ "ಹಳ್ಳದ ಹತ್ತಿರ" ಎಂದಷ್ಟೇ ಬರೆದೆ. ಈಗ ಆ ಪುಟಗಳನ್ನು ತೆರೆದರೆ ಯಾವ ಹಳ್ಳ ಎಂದು ನನಗೇ ಹೇಳಲಾಗದು. ಆ ಕಪ್ಪೆಗಳಿಗೆ ನಾನು ಮಾಡಿದ ಅನ್ಯಾಯ ಅದು. ನೀವು ಮಾಡಬೇಡಿ.

ಕಪ್ಪೆಯನ್ನು ತಕ್ಕಡಿಗೆ ಹಾಕಿದ ಹಾಗೆ ಎಂಬ ಗಾದೆ ನಮ್ಮಲ್ಲಿದೆ. ಒಂದನ್ನು ಇಡುವಷ್ಟರಲ್ಲಿ ಇನ್ನೊಂದು ಜಿಗಿಯುತ್ತದೆ. ನಿಜಕ್ಕೂ ಕಪ್ಪೆ ತೂಗುವ ನಮಗೆ ಆ ಮಾತಿನ ಸತ್ಯ ಗೊತ್ತು. ಒಂದೊಂದನ್ನೂ ಬೇರೆ ಹೊಸ ಚೀಲದಲ್ಲಿಟ್ಟು, ಒದ್ದೆ ಕೈಯಲ್ಲಿ ಹಿಡಿದು, ಅಳೆದು, ಸಿಕ್ಕ ಜಾಗದಲ್ಲೇ ಬಿಡಬೇಕು. ಹೊಸ ಪ್ರಭೇದವೆಂಬ ಬಲವಾದ ಅನುಮಾನವಿದ್ದಾಗ ಮಾತ್ರ, ಅನುಮತಿಯಿದ್ದಷ್ಟು ಮಾತ್ರ, ಒಂದು ಜೀವವನ್ನು ಮಾದರಿಯಾಗಿ ತೆಗೆದುಕೊಳ್ಳಬೇಕು. ಪ್ರತಿ ಸಲವೂ ನನ್ನ ಕೈ ನಡುಗಿದೆ. ನಡುಗುವುದು ನಿಂತ ದಿನ ಆ ಕೆಲಸ ಬಿಡಬೇಕು ಎಂದುಕೊಂಡಿದ್ದೇನೆ. ಇನ್ನೊಂದು ಎಚ್ಚರವೂ ಬೇಕು. ಕಪ್ಪೆಯ ಚರ್ಮಕ್ಕೆ ತಗಲುವ ಕೈಟ್ರಿಡ್ ಎಂಬ ಶಿಲೀಂಧ್ರ ಬೇರೆ ಖಂಡಗಳಲ್ಲಿ ಇಡೀ ಜಾತಿಗಳನ್ನೇ ಅಳಿಸಿದೆ. ಪಶ್ಚಿಮ ಘಟ್ಟದಲ್ಲೂ ಅದರ ಇರವು ಪತ್ತೆಯಾಗಿದೆ. ಹಾಗಾಗಿ ಒಂದು ಹಳ್ಳದಿಂದ ಇನ್ನೊಂದಕ್ಕೆ ಹೋಗುವ ಮುನ್ನ ಬೂಟು ತೊಳೆಯುವುದು ನಮ್ಮ ಮಡಿ.

4. 'ಇಲ್ಲ' ಎನ್ನುವ ಮೊದಲು

ಒಂದು ಕಾನಿನಲ್ಲಿ ನಾನು ಮರ ನೆಲಗಪ್ಪೆಯನ್ನು ಹುಡುಕುತ್ತಿದ್ದೆ. ಬೆನ್ನ ಮೇಲೆ ಗಂಟುಗಂಟು ಚರ್ಮದ, ನೆಲದಲ್ಲಿರಬೇಕಾದ ಬಳಗದಲ್ಲಿ ಹುಟ್ಟಿ ಮರದ ಪೊಟರೆಯಲ್ಲಿ ಬದುಕುವ ಕಪ್ಪೆ ಅದು. ಆಶ್ಲೇಷಾ ಮಳೆಯಲ್ಲಿ ಮೂರು ರಾತ್ರಿ ಉಂಬಳಗಳಿಗೆ ರಕ್ತ ಕೊಟ್ಟು ಅಲೆದೆ. ಕಾಣಲಿಲ್ಲ. ವರದಿಯಲ್ಲಿ "ಈ ಕಾನಿನಲ್ಲಿ ಇಲ್ಲ" ಎಂದು ಬರೆದೆ. ಅಡಿಕೆ ಕೊನೆ ಇಳಿಸುವ ಕೆಲಸದ ಹಿರಿಯರೊಬ್ಬರು ನನಗೆ ದಾರಿ ತೋರಿಸುತ್ತಿದ್ದರು. ಅವರಿಗೆ ಅದನ್ನು ಓದಿ ಹೇಳಿದೆ. ಅವರು ಕವಳ ಉಗಿದು ಬಂದು ಕೂತರು.

"ಇಲ್ಲ ಅಂತ ಬರ್ದ್ರಾ ಮೇಷ್ಟ್ರೇ?"

"ಮೂರು ರಾತ್ರಿ ನೋಡಿದ್ದೇವಲ್ಲ."

"ನೀವು ಬಂದಾಗ ಅದು ಮನೇಲಿರ್ಲಿಲ್ಲ, ಅಷ್ಟೇ ಮಾರಾಯ್ರೆ. ಬರೋ ವರ್ಷ ಮೊದಲ ಮಳೆ ಹೊಡದ ರಾತ್ರಿ ಬನ್ನಿ."

ಮರುವರ್ಷ ಮೃಗಶಿರ ಮಳೆ ಬಿದ್ದ ಎರಡನೆಯ ರಾತ್ರಿ ಹೋದೆ. ಮರದಿಂದಿಳಿದು ಹಳ್ಳದ ಬದಿಗೆ ಬಂದ ಗಂಡುಗಳು ಕೂಗುತ್ತಿದ್ದವು. ಜೊತೆಗಿದ್ದ ಆ ಹಿರಿಯರು ಟಾರ್ಚು ಆರಿಸಿ ನನ್ನ ಭುಜ ಮುಟ್ಟಿ "ಕೇಳಿ" ಎಂದರು. ವರದಿಯ ಸಾಲನ್ನು ಆ ರಾತ್ರಿಯೇ ಹೊಡೆದುಹಾಕಿದೆ.

ಅವರ ಮಾತಿಗೆ ಗಣಿತದ ಆಧಾರವೂ ಇದೆ. ಒಂದು ಕಪ್ಪೆ ಆ ಜಾಗದಲ್ಲಿ ಇದ್ದೂ ಒಂದು ಭೇಟಿಯಲ್ಲಿ ನಮ್ಮ ಕಣ್ಣಿಗೆ ಬೀಳುವ ಸಂಭವ ಐದರಲ್ಲಿ ಒಂದು ಎಂದುಕೊಳ್ಳಿ. ಆಗ ಒಂದೇ ಭೇಟಿಯಲ್ಲಿ ಅದು ತಪ್ಪಿಹೋಗುವ ಸಂಭವ ಶೇ 80. ಐದು ಸಲ ಹೋದರೂ ತಪ್ಪಿಹೋಗುವ ಸಂಭವ ಶೇ 33ರಷ್ಟು ಉಳಿಯುತ್ತದೆ. ಹತ್ತು ಸಲ ಹೋದರೆ ಶೇ 11. ಅದೂ ಸರಿಯಾದ ಮಳೆಯಲ್ಲಿ ಹೋದಾಗ. ಮೂರು ದಿನದಲ್ಲಿ ಒಂದು ಬೆಟ್ಟವನ್ನು ನೋಡಿ, ಇಲ್ಲಿ ವಿಶೇಷವೇನೂ ಇಲ್ಲ ಎಂದು ಬರೆಯುವ ವರದಿಗಳ ಆಧಾರದ ಮೇಲೆ ರಸ್ತೆ, ಸುರಂಗ, ಅಣೆಕಟ್ಟುಗಳ ತೀರ್ಮಾನ ಆಗಬಾರದು ಎಂದು ನಾನು ಹೋದಲ್ಲೆಲ್ಲ ಹೇಳುವುದು ಇದಕ್ಕೇ. 'ಇದೆ' ಎನ್ನಲು ಒಂದು ರಾತ್ರಿ ಸಾಕು. 'ಇಲ್ಲ' ಎನ್ನಲು ವರ್ಷಗಳು ಬೇಕು.

5. ಮಂದಣ್ಣನ ಪಾಲು

ಕನ್ನಡದ ಓದುಗರಿಗೆ ಈ ಮಾತು ಹೊಸದಲ್ಲ. ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ' 1980ರಲ್ಲಿ ಬಂತು. ಹಾರುವ ಓತಿಯನ್ನು ಹುಡುಕಹೊರಟ ಆ ತಂಡದಲ್ಲಿ ವಿಜ್ಞಾನಿಯಷ್ಟೇ ಮುಖ್ಯನಾದವನು ಹಳ್ಳಿಯ ಮಂದಣ್ಣ. ನನ್ನ ಕಸುಬಿನಲ್ಲಿ ಅದು ಕಥೆಯಲ್ಲ, ದಿನನಿತ್ಯದ ಸಂಗತಿ. ಪ್ರತಿ ಹೊಸ ಪ್ರಭೇದದ ಹಿಂದೆಯೂ ಹೆಸರು ಅಚ್ಚಾಗದ ಒಬ್ಬ ಮಂದಣ್ಣ ಇರುತ್ತಾನೆ.

ಕೆಲವೊಮ್ಮೆ ಊರಿನವರ ಮಾತು ಪ್ರಭೇದದ ಹೆಸರಿಗೇ ಸೇರುತ್ತದೆ. ಒಂದೆರಡು ಉದಾಹರಣೆ ಕೊಡುತ್ತೇನೆ. ಶರಾವತಿಯ ಸೀಮೆಯ ಕತ್ತಲೆಕಾನಿನ ರಾಂಪತ್ರೆ ಜೌಗಿನಲ್ಲಿ ಒಂದು ಇರುಳುಗಪ್ಪೆಯಿದೆ. ಹಳ್ಳದ ಮೇಲೆ ಬಾಗಿದ ಕಡ್ಡಿ, ಬಂಡೆಗಳಿಗೆ ಮೊಟ್ಟೆ ಅಂಟಿಸಿದ ಮೇಲೆ ಗಂಡು ನೀರಿನ ತಳದಿಂದ ಕೆಸರು ತಂದು ಮುಂಗೈಯಿಂದ ಮೊಟ್ಟೆಗಳಿಗೆ ಮೆತ್ತುತ್ತದೆ. ಕೆ.ವಿ. ಗುರುರಾಜ ಮತ್ತು ಸಂಗಡಿಗರು 2014ರಲ್ಲಿ ಅದನ್ನು ಜಗತ್ತಿಗೆ ಪರಿಚಯಿಸಿದಾಗ ಹೆಸರನ್ನು ಹುಡುಕಿದ್ದು ಲ್ಯಾಟಿನ್ನಿನಲ್ಲಲ್ಲ, ತಿಗರಿಯ ಮುಂದೆ ಕೂತವರ ಹತ್ತಿರ. ಅದು 'ನಿಕ್ಟಿಬಟ್ರಾಕಸ್ ಕುಂಬಾರ'. ಇಂದು ಜಪಾನಿನ, ಬ್ರೆಜಿಲಿನ ವಿಜ್ಞಾನಿಯೂ ಆ ಕಪ್ಪೆಯನ್ನು ನಮ್ಮ ಕುಂಬಾರರ ಹೆಸರಿನಿಂದಲೇ ಕರೆಯಬೇಕು.

ಕಾಳಿಂಗದ ಕಥೆ ಇನ್ನೂ ದೊಡ್ಡದು. ಕ್ಯಾಂಟರ್ 1836ರಲ್ಲಿ ಕಾಳಿಂಗ ಸರ್ಪಕ್ಕೆ ವೈಜ್ಞಾನಿಕ ಹೆಸರಿಟ್ಟ ಲಾಗಾಯ್ತು ಅದು ಒಂದೇ ಪ್ರಭೇದವೆಂದು ಎಲ್ಲರೂ ನಂಬಿದ್ದರು. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಆಗುಂಬೆಯಲ್ಲಿ ರೊಮುಲಸ್ ವಿಟೇಕರ್ 2005ರಲ್ಲಿ ಸಂಶೋಧನಾ ಕೇಂದ್ರ ಕಟ್ಟಿದರು. ಅಲ್ಲಿ ಕಾಳಿಂಗದ ಮೈಯೊಳಗೆ ರೇಡಿಯೊ ಬಿಲ್ಲೆಯಿಟ್ಟು ಅದರ ಓಡಾಟವನ್ನು ಹಿಂಬಾಲಿಸಿದರು. ಪಿ. ಗೌರಿಶಂಕರ್ ಮತ್ತು ಸಂಗಡಿಗರು ಏಷ್ಯಾದ ಬೇರೆ ಬೇರೆ ಕಡೆಯ ಕಾಳಿಂಗಗಳ ಮೈಪಟ್ಟೆ, ಹುರುಪೆ, ಡಿಎನ್‌ಎಗಳನ್ನು ಹೋಲಿಸಿ 2024ರಲ್ಲಿ ಅವು ನಾಲ್ಕು ಪ್ರಭೇದಗಳೆಂದು ತೋರಿಸಿದರು. ಅದಾಗಲು 188 ವರ್ಷ ಹಿಡಿಯಿತು. ಪಶ್ಚಿಮ ಘಟ್ಟದ್ದು ಬೇರೆಲ್ಲೂ ಇಲ್ಲದ ನಮ್ಮದೇ ಹಾವು, 'ಒಫಿಯೊಫಾಗಸ್ ಕಾಳಿಂಗ'. ಅಜ್ಜಿಯರು ಕತ್ತಲಲ್ಲಿ ದನಿ ತಗ್ಗಿಸಿ ಹೇಳುತ್ತಿದ್ದ ಹೆಸರು ವಿಜ್ಞಾನದ ಹೆಸರಾಯಿತು. ಹಸಿರುಹಾವಿನದೂ ಅದೇ ಬಗೆ. ನಾವೆಲ್ಲ ಪುಸ್ತಕದಲ್ಲಿ ಓದಿಕೊಂಡು ಬಂದ ಪ್ರಭೇದ ಶ್ರೀಲಂಕಾದ್ದೆಂದೂ ಘಟ್ಟದಲ್ಲಿರುವವು ಬೇರೆ ಪ್ರಭೇದಗಳೆಂದೂ 2020ರಲ್ಲಿ ತಿಳಿಯಿತು. ಯಾವೂರು ಎಂದು ಸರಿಯಾಗಿ ಕೇಳಿದ ಕೂಡಲೇ ಒಂದೇ ಎಂದುಕೊಂಡವರು ನಾಲ್ಕು ಮನೆಯವರಾದರು.

6. ಇದೆಲ್ಲ ಯಾಕೆ ಬೇಕು?

ಕಪ್ಪೆಯ ಹೆಸರು ತಿಳಿದು ಹೊಟ್ಟೆ ತುಂಬುತ್ತದೆಯೇ ಎಂದು ಕೇಳುವವರಿದ್ದಾರೆ. ಕೇಳಲಿ. ನನ್ನ ಹತ್ತಿರ ಎರಡು ಉತ್ತರಗಳಿವೆ.

ಒಂದು ಆಸ್ಪತ್ರೆಯದು. ನಮ್ಮ ದೇಶದಲ್ಲಿ ಸಿಗುವ ಪ್ರತಿವಿಷ ನಾಲ್ಕು ಹಾವುಗಳ ವಿಷಕ್ಕೆ ತಯಾರಾದದ್ದು: ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ. ಘಟ್ಟದ ತೋಟಗಳಲ್ಲಿ, ತರಗೆಲೆಯ ನಡುವೆ, ಮೂತಿ ಮೇಲಕ್ಕೆ ಮಡಿಸಿದಂತಿರುವ ಒಂದು ಚಿಕ್ಕ ಗುಳಿಮಂಡಲವಿದೆ. ಅದು ಕಚ್ಚಿದರೆ ಈ ಪ್ರತಿವಿಷ ನಾಟುವುದಿಲ್ಲ. ಕೇರಳದಲ್ಲಿ ಈ ಹಾವನ್ನು ಗರಗಸಮಂಡಲವೆಂದು ತಪ್ಪು ತಿಳಿದ ಪ್ರಕರಣಗಳನ್ನು ವೈದ್ಯರೇ ದಾಖಲಿಸಿದ್ದಾರೆ. ಯಾವ ಊರಿನಲ್ಲಿ ಯಾವ ಹಾವಿದೆ ಎಂಬ ಪಟ್ಟಿ ಅಲ್ಲಿನ ತಾಲ್ಲೂಕು ಆಸ್ಪತ್ರೆಯ ಗೋಡೆಯ ಮೇಲಿರಬೇಕು. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಯೆಂದು ಘೋಷಿಸಿತು. ಕಡಿತದ ಲೆಕ್ಕದ ಜೊತೆಗೆ ಕಡಿದವರ ಊರಿನ ಲೆಕ್ಕವೂ ಸೇರಿದರೆ ಜೀವಗಳು ಉಳಿಯುತ್ತವೆ.

ಇನ್ನೊಂದು ನೀರಿನದು. 2023ರಲ್ಲಿ ಪ್ರಕಟವಾದ ಜಾಗತಿಕ ಮೌಲ್ಯಮಾಪನದ ಪ್ರಕಾರ ಉಭಯಚರಗಳಲ್ಲಿ ಶೇ 41ರಷ್ಟು ಪ್ರಭೇದಗಳು ಅಳಿವಿನ ಅಂಚಿನಲ್ಲಿವೆ. ಬೆನ್ನೆಲುಬಿರುವ ಪ್ರಾಣಿಗಳಲ್ಲಿ ಇಷ್ಟು ಕಷ್ಟದಲ್ಲಿರುವ ಬಳಗ ಇನ್ನೊಂದಿಲ್ಲ. ಕಪ್ಪೆ ಉಸಿರಾಡುವುದು ಚರ್ಮದಿಂದಲೂ ಹೌದು. ನೀರಿಗೆ ಬಿದ್ದದ್ದೆಲ್ಲ ಅದರ ಮೈಗೆ ಇಳಿಯುತ್ತದೆ. ನಮ್ಮ ಮನೆಯ ಮಾತನ್ನೇ ಎತ್ತೋಣ. ಅಡಿಕೆಯ ಕೊಳೆರೋಗಕ್ಕೆ ನಾವೆಲ್ಲ ಬೋರ್ಡೋ ದ್ರಾವಣ ಹೊಡೆಯುತ್ತೇವೆ. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಹೊಡೆಯದಿದ್ದರೆ ಕೊನೆ ಉಳಿಯುವುದಿಲ್ಲ, ವರ್ಷದ ಅನ್ನ ಹೋಗುತ್ತದೆ. ಬೆಳೆಗಾರನ ಮಗನಾದ ನನಗೆ ಇದು ಗೊತ್ತು. ಆದರೆ ತಾಮ್ರ ಗೊದಮೊಟ್ಟೆಗೆ ವಿಷ, ಮತ್ತು ಮದ್ದು ಹೊಡೆಯುವ ಹೊತ್ತೂ ಕಪ್ಪೆ ಮೊಟ್ಟೆಯಿಡುವ ಹೊತ್ತೂ ಒಂದೇ. ಉಳಿದ ದ್ರಾವಣವನ್ನು ಕಾದಿಗೆಗೆ, ಅಂದರೆ ತೋಟದ ಬಸಿಗಾಲುವೆಗೆ, ಚೆಲ್ಲದಿರುವುದು, ಡ್ರಮ್ಮನ್ನು ಹಳ್ಳದಲ್ಲಿ ತೊಳೆಯದಿರುವುದು, ಹಳ್ಳದ ಅಂಚಿನ ಸಾಲಿಗೆ ಹೊಡೆಯುವಾಗ ಕೈ ಬಿಗಿಹಿಡಿಯುವುದು ನಮ್ಮಿಂದಾಗುವ ಕೆಲಸ. ಭಾರತ ಕಪ್ಪೆಗಾಲಿನ ರಫ್ತನ್ನು 1987ರಲ್ಲಿ ನಿಷೇಧಿಸಿತು. ಗದ್ದೆಯ ಕಪ್ಪೆಯನ್ನು ಚೀಲ ಚೀಲ ಹಿಡಿದು ವಿದೇಶಕ್ಕೆ ಕಳಿಸುವುದನ್ನು ಒಂದು ದೇಶವಾಗಿ ನಿಲ್ಲಿಸಿದವರು ನಾವು. ತೋಟದ ಕಾದಿಗೆಯಲ್ಲಿ ಇಷ್ಟು ಎಚ್ಚರ ವಹಿಸುವುದು ನಮಗೆ ಹೆಚ್ಚಲ್ಲ.

ನನ್ನ ಕೊನೆಯ ಕೋರಿಕೆ ವಿದ್ಯಾರ್ಥಿಗಳಲ್ಲಿ. ನಿಮ್ಮ ಮನೆಯ ಹಿಂದಿನ ಹಳ್ಳವೊಂದನ್ನು ಆರಿಸಿಕೊಳ್ಳಿ. ದೂರದ ಕಾಡು ಬೇಡ. ಪ್ರತಿ ಮಳೆ ನಕ್ಷತ್ರದಲ್ಲೂ ಒಂದು ರಾತ್ರಿ, ಅರ್ಧ ಗಂಟೆ, ಅಲ್ಲಿ ನಿಂತು ಕೇಳಿ. ಮುಟ್ಟಬೇಡಿ, ಹಿಡಿಯಬೇಡಿ. ದಿನ, ಜಾಗ, ಮಳೆ, ಕೂಗು ಇಷ್ಟನ್ನು ಬರೆದಿಡಿ. ಫೋನಿನಲ್ಲಿ ಕೂಗನ್ನು ಹಿಡಿದಿಡಿ. ಹತ್ತು ವರ್ಷ ಹೀಗೆ ಬರೆದ ಒಂದು ಪುಸ್ತಕಕ್ಕೆ ಸಮನಾದದ್ದು ಯಾವ ಸಂಗ್ರಹಾಲಯದಲ್ಲೂ ಇರುವುದಿಲ್ಲ. ಈ ದತ್ತಿಯ ಹಿರಿಯರು ಮಳೆ ಬರೆದಿಟ್ಟದ್ದು ಹೀಗೆಯೇ.

7. ಕೊಟ್ಟಿಗೆಹಾರದಲ್ಲಿ

ಕೆಲವು ವರ್ಷಗಳ ಹಿಂದೆ, ಸ್ವಾತಿ ಮಳೆಯ ಕೊನೆಯ ದಿನಗಳಲ್ಲಿ, ನಾರಾಯಣ ರಾಯರ 1937ರ ಲೇಖನದ ಪ್ರತಿಯನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟುಕೊಂಡು ನಾನೂ ಕೊಟ್ಟಿಗೆಹಾರಕ್ಕೆ ಹೋದೆ. ಚಾರ್ಮಾಡಿಯ ಕಡೆಯಿಂದ ಮಂಜು ಏರಿ ಬರುತ್ತಿತ್ತು. ರಸ್ತೆ ಬಿಟ್ಟು ಒಂದು ಹಳ್ಳಕ್ಕೆ ಇಳಿದೆ. ನೀರಿನ ಸದ್ದಿನಲ್ಲಿ ನನ್ನ ಉಸಿರೂ ನನಗೆ ಕೇಳುತ್ತಿರಲಿಲ್ಲ. ಒದ್ದೆ ಬಂಡೆಯ ಮೇಲೆ, ಬಂಡೆಯದೇ ಬಣ್ಣದ, ಬೆರಳ ಗೆಣ್ಣಿನಷ್ಟಿದ್ದ ಒಂದು ಕಪ್ಪೆ ಕೂತಿತ್ತು. ಅದು ಹಿಂಗಾಲನ್ನು ನಿಧಾನ ಹಿಂದಕ್ಕೆ ಚಾಚಿ, ಬೆರಳು ಬಿಡಿಸಿ, ಬಾವುಟದಂತೆ ಬೀಸಿ ಮಡಿಸಿಕೊಂಡಿತು. ನೀರಿನ ಅಬ್ಬರದಲ್ಲಿ ಕೂಗೊಂದೇ ಸಾಲದು ಎಂದು ಕಾಲಿನಲ್ಲಿ ಮಾತಾಡುವ ಕಪ್ಪೆ ಅದು. ಆಚೆ ಬಂಡೆಯಿಂದ ಇನ್ನೊಂದು ಕಾಲು ಎದ್ದಿತು.

ಕವರಿನೊಳಗಿನ ಹಾಳೆಯ ಮೇಲೆ ಊರಿನ ಹೆಸರಿತ್ತು. ಆ ಹೆಸರು ಬರೆದವರು ತೀರಿಕೊಂಡು ಅರವತ್ತು ವರ್ಷ ಕಳೆದಿತ್ತು. ಅವರಿಟ್ಟ ಸೀಸೆಗಳು ಇರಲಿಲ್ಲ. ಹಳ್ಳ ಇತ್ತು, ಬಂಡೆ ಇತ್ತು, ಕಪ್ಪೆ ತನ್ನ ಮನೆಯಲ್ಲೇ ಇತ್ತು. ಮಂಜು ಕವಿದು ಏನೂ ಕಾಣದಾಗುವ ತನಕ ಅಲ್ಲೇ ಕೂತಿದ್ದೆ. ಎದ್ದು ಬರುವ ಮುನ್ನ ಪೆನ್ಸಿಲು ತೆಗೆದು ದಿನ, ಹೊತ್ತು, ಹಳ್ಳದ ಹೆಸರು ಬರೆದೆ. ಮುಂದೆ ಬರುವವರಿಗೆ ದಾರಿ ತಪ್ಪಬಾರದು.